ಕೊನೆಯ ದಿನದ ನಕಲು

"ಇನ್ಮೇಲೆ ಶನಿವಾರ ಶನಿವಾರ ಬರೋ ತೊಂದ್ರೆ ತಗೋಬೇಡಪ್ಪಾ" ಎಂದಿದ್ದರು ಅಕ್ಕ. ಕಾಣೆಯಾದವರನ್ನು ಹುಡುಕಿಕೊಡುವ ಅವರ ಪುಟ್ಟ ಸಂಸ್ಥೆಯ ಕಂಪ್ಯೂಟರುಗಳನ್ನು ಅವನು ಏಳು ವರ್ಷ ಬಿಟ್ಟಿಯಾಗಿ ನೋಡಿಕೊಂಡಿದ್ದ. ಈಗ ದೊಡ್ಡ ಕಂಪನಿಯೊಂದು ಸೇವಾಸಂಸ್ಥೆಗಳಿಗೆಂದೇ ಹೊಸ ಯಂತ್ರ, ಹೊಸ ಸಾಫ್ಟ್‌ವೇರ್, ಕರೆದಾಗ ಸಹಾಯ, ಎಲ್ಲವನ್ನೂ ಪುಕ್ಕಟೆ ಕೊಟ್ಟಿತ್ತು. ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಹೆಂಡತಿ ತೀರಿಹೋದ ಮೇಲೆ, ಬಂದ್ಯಾ, ಊಟ ಆಯ್ತಾ ಎಂದು ಅವನನ್ನು ಕೇಳುತ್ತಿದ್ದ ಬಾಗಿಲು ಅದೊಂದೇ.

ಮೂರು ಶನಿವಾರ ಅವನು ತನ್ನ ರಿಪೇರಿ ಅಂಗಡಿಯಲ್ಲೇ ಕೂತ. ಕೂತಲ್ಲೇ ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾಖಲೆಗಳು ಮಾಯವಾಗಬೇಕು, ಕಂಪನಿಯವರು ಕೈಚೆಲ್ಲಬೇಕು, ಅಕ್ಕ ತನ್ನನ್ನೇ ಕರೆಯಬೇಕು.

ಭಾನುವಾರ ಮಧ್ಯಾಹ್ನ ಕಚೇರಿ ಖಾಲಿ. ಅಂಗಡಿಯಿಂದಲೇ ಒಳಹೊಕ್ಕ; ಹೊಸ ಯಂತ್ರಕ್ಕೂ ಹಳೆಯ ಪಾಸ್‌ವರ್ಡನ್ನೇ ಇಟ್ಟಿದ್ದರು. ಮೊದಲು ಎಲ್ಲದರ ನಕಲು ತೆಗೆದುಕೊಂಡ. ಆಮೇಲೆ ಕಚೇರಿಯಲ್ಲಿದ್ದದ್ದನ್ನೂ ಕಂಪನಿ ಕಾಪಿಟ್ಟಿದ್ದನ್ನೂ ಅಳಿಸಿದ. ವೈರಸ್ಸಿನ ಕೆಲಸವೆನ್ನಿಸುವ ಹಾಗೆ ಕುರುಹು ಬಿಟ್ಟ.

ಈ ನಕಲು ತಾನು ಅಲ್ಲಿನ ಕೆಲಸ ಬಿಟ್ಟ ದಿನ ತೆಗೆದದ್ದೆಂದು ಹೇಳುವುದಿತ್ತು. ಹಾಗಾಗಿ ಆಮೇಲೆ ಕಾಣೆಯಾದವರ ಪಟ್ಟಿಗೆ ಸೇರಿದ ಹನ್ನೊಂದು ಮಂದಿಯನ್ನು ಹುಡುಕಿ ಹುಡುಕಿ ನಕಲಿನಿಂದ ತೆಗೆದ. ಹನ್ನೊಂದನೆಯವಳು ಎರಡು ಜಡೆಯ ಶಾಲಾ ಹುಡುಗಿ. ಅವಳ ಮುಖ ನೋಡುತ್ತ ಬೆರಳು ಸ್ವಲ್ಪ ಹೊತ್ತು ತಡೆಯಿತು. ಮನೆಯವರು ಮತ್ತೆ ಬಂದು ಬರೆಸುತ್ತಾರೆ ಬಿಡು ಎಂದುಕೊಂಡು ಒತ್ತಿದ.

ಮಂಗಳವಾರ ಅಕ್ಕನ ಫೋನು ಬಂತು. ಕಂಪನಿಯವರು ಆಗುವುದಿಲ್ಲ ಎಂದುಬಿಟ್ಟಿದ್ದರು.

"ಎಲ್ಲಾ ಹೋಯ್ತು ಕಣಪ್ಪಾ. ಜನ ಬಂದು ಎದುರಿಗೆ ಕೂತ್ಕೋತಾರೆ. ತೋರ್ಸೋಕೆ ಒಂದು ಫೋಟೋನೂ ಇಲ್ಲ."

ಅಕ್ಕ ಅಳುವುದನ್ನು ಅವನು ಎಂದೂ ಕೇಳಿರಲಿಲ್ಲ. ಕೊನೆಯ ದಿನ ತೆಗೆದಿಟ್ಟ ನಕಲೊಂದಿದೆ, ನಾಳೆಯೇ ತರುತ್ತೇನೆ ಎಂದ.

ಮರುದಿನ ಪರದೆಯ ಮೇಲೆ ಮುಖಗಳು ಒಂದೊಂದಾಗಿ ಮರಳಿದಾಗ ಅಕ್ಕ ಅವನ ಭುಜದ ಮೇಲೆ ಕೈಯಿಟ್ಟು ನಿಂತರು. ನಾಲ್ಕು ವರ್ಷದಿಂದ ಮಗನಿಗಾಗಿ ಅಲೆಯುತ್ತಿದ್ದ ಹೆಂಗಸೊಬ್ಬಳು ಬೆಂಚಿನಿಂದೆದ್ದು ಬಂದಳು. ತನ್ನ ಮಗನೂ ಇದ್ದಾನಾ ನೋಡು ಎಂದಳು. ಇದ್ದ. ಆಕೆಗೆ ಓದಲು ಬಾರದೆಂದು ಅವನೇ ಗಟ್ಟಿಯಾಗಿ ಓದಿ ಹೇಳಿದ: ಎಣ್ಣೆಗೆಂಪು ಬಣ್ಣ, ಗುಂಗುರು ಕೂದಲು, ಎಡಗಿವಿಯ ಹಿಂದೆ ಸುಟ್ಟ ಕಲೆ. ಆಕೆ ಕಣ್ಣೊರೆಸಿಕೊಂಡು ಅವನಿಗೆ ಕೈಮುಗಿದಳು. "ಕಲೆನೂ ಉಳ್ಕೊಂಡಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಇಷ್ಟು ವರ್ಷ ನಂಗೇ ಮರ್ತೋಗಿತ್ತು. ಹೋದ ವಾರ ತಾನೇ ನೆನಪಾಗಿ ಓಡ್ಬಂದು ಬರೆಸಿದ್ದೆ." ಭುಜದ ಮೇಲಿದ್ದ ಅಕ್ಕನ ಕೈ ಮೆಲ್ಲಗೆ ಹಿಂದೆ ಸರಿಯಿತು.