ಎರಡು ಎದೆ, ಒಂದೇ ಶಿಲುಬೆ

"ನಿನ್ನ ಗಂಡನ ಎದೆಗೆ ಇದನ್ನ ನೀನೇ ಚುಚ್ಚು! ಕೈ ನಡುಗುತ್ತಾ ಅಂತ ನಾನೂ ನೋಡ್ತೀನಿ."

ಅತ್ತೆ ಪೆಟ್ರೊನೆಲಾ ಮುಂದೆ ಹಿಡಿದ ಡಬ್ಬಿ ನೋಡಿ ಸಲೋಮಿಯಾ ಹಿಂದೆ ಸರಿದಳು. ನೀಲಿ ಪಟ್ಟಿಗೆ ಕಪ್ಪು ಅಂಚು, ನಡುವೆ ಬಿಳಿ ಹದ್ದು... ಪೋಲೆಂಡಿನ ವೀರಶಿಲುಬೆ! ಅಪ್ಪ ಗೌದೆಂತಿ ಯೌವನದಲ್ಲಿ ರಾಶಿನ್ ಕದನದಲ್ಲಿ ರಕ್ತ ಸುರಿಸಿ ಗಳಿಸಿದ ಶಿಲುಬೆಯ ಪಡಿಯಚ್ಚು! ಹಿಂದಿನ ವರ್ಷ ದೇಶವೆಲ್ಲ ರಷ್ಯದ ದೊರೆ ತ್ಸಾರ್‌ನ ವಿರುದ್ಧ ದಂಗೆಯೆದ್ದಾಗ ಅವಳ ಅಣ್ಣ ಕ್ಸಾವೆರಿ ಓಸ್ತ್ರೊವೆಂಕಾದ ಸೇತುವೆಯ ಬಳಿ ಮಡಿದಿದ್ದ. ಗಂಡ ತಿಯೊದೋರ್ ತಾನೂ ಪೋಲೆಂಡಿನವನೇ ಆಗಿದ್ದೂ ತ್ಸಾರ್‌ನ ದಂಡಿನಲ್ಲೇ ಉಳಿದ. ದಂಗೆ ಅಡಗಿದ ಮೇಲೆ ತ್ಸಾರ್ ಅದೇ ಶಿಲುಬೆಯನ್ನು ತನ್ನ ಸಿಪಾಯಿಗಳಿಗೆ ಹಂಚಿದ. ಸೋತವರ ಮಾನವನ್ನು ಗೆದ್ದವರ ಎದೆಗೆ ಚುಚ್ಚಿದ ಹಾಗಾಯಿತು!

ಅಂದು ಮಗುವಿನ ನಾಮಕರಣ. ಅಜ್ಜ ಗೌದೆಂತಿಯೇ ಧರ್ಮಪಿತ, ಮಗುವನ್ನು ಎತ್ತಿ ಹಿಡಿದು ಅದರ ಪರವಾಗಿ ಪ್ರತಿಜ್ಞೆ ಹೇಳಬೇಕಾದವನು. ಪ್ವೋತ್ಸ್ಕ್‌ನ ಚರ್ಚಿನ ಬಾಗಿಲಲ್ಲಿ ಮುದುಕ ಅಳಿಯನ ಎದೆಯ ಮೇಲೆ ಆ ಶಿಲುಬೆ ನೋಡಿ ಗಕ್ಕನೆ ನಿಂತುಬಿಟ್ಟ.

"ಇದನ್ನ ಎಲ್ಲಿಂದ ಕದ್ದೆ?"

"ಕದ್ದಿಲ್ಲ ಮಾವ, ಕೊಟ್ರು. ದಂಡಿನಲ್ಲಿ ಎಲ್ಲರಿಗೂ ಕೊಟ್ರು. ಅಡುಗೆಯವನಿಗೂ ಬಂತು."

"ನನ್ನ ಮಗನ್ನ ಕೊಂದವನಿಗೂ ಬಂತು ಅನ್ನು!"

"ಶುರುವಾಯ್ತಪ್ಪ ಇವರ ಪುರಾಣ!" ಪೆಟ್ರೊನೆಲಾ ಮೂತಿ ತಿರುವಿದಳು. "ನಿಮ್ಮ ಮಗ ಮಣ್ಣಾದ, ನನ್ನ ಮಗ ಬದುಕಿ ಬಂದ. ಅದೇ ಅಲ್ವಾ ನಿಮ್ಮ ಹೊಟ್ಟೆಉರಿ?"

"ಅದನ್ನ ತೆಗಿ, ಇಲ್ಲಾ ನಾನು ಮಗು ಮುಟ್ಟಲ್ಲ."

ತಿಯೊದೋರ್‌ನ ಮುಖ ಬಿಳಿಚಿಕೊಂಡಿತು. ಒಳಗೆ ಮೊದಲ ಸಾಲಿನಲ್ಲೇ ರಷ್ಯದ ಕರ್ನಲ್ ಕೂತಿದ್ದ. "ತೆಗೆದ್ರೆ ಸೈಬೀರಿಯಾಕ್ಕೆ ಕಳಿಸ್ತಾರೆ ಮಾವ... ನಿಮ್ಮ ಮಗಳು ವಿಧವೆ ಥರ ಬದುಕಬೇಕಾಗುತ್ತೆ."

ಸಲೋಮಿಯಾ ಮಗುವನ್ನು ಎದೆಗವಚಿಕೊಂಡು ಅಪ್ಪನ ಮುಂದೆ ಮಂಡಿಯೂರಿದಳು. "ಅಪ್ಪಾ! ಅಣ್ಣನ್ನ ಕಳಕೊಂಡೆ... ಇವರನ್ನೂ ಕಳಕೊಳ್ಳಲಾ? ಹೇಳಪ್ಪಾ!"

ಗೌದೆಂತಿ ಮಗಳನ್ನು ಹಿಡಿದೆಬ್ಬಿಸಿದ. ಆಮೇಲೆ ಒರಟು ಬೆರಳುಗಳಿಂದ ತನ್ನ ಎದೆಯ ಶಿಲುಬೆಯನ್ನೇ ಬಿಚ್ಚಿ ಜೇಬಿಗೆ ತುರುಕಿದ. "ಎರಡೂ ಒಂದೇ ಅಂತ ಯಾರೂ ಅನ್ನಬಾರದು. ನಡಿ."

ನೀರು ಬಿದ್ದಾಗ ಮಗು ಕಿರುಚಿತು. ಅಜ್ಜ ಗಟ್ಟಿಯಾಗಿ ಪ್ರತಿಜ್ಞೆ ಹೇಳಿದ. ಬೀಗರತ್ತ ಒಮ್ಮೆಯೂ ತಿರುಗಲಿಲ್ಲ.

ಹೊರಗೆ ಬಂದಾಗ ಪೆಟ್ರೊನೆಲಾ ನಕ್ಕಳು. "ಬನ್ನಿ ಬೀಗರೇ, ಬಾತುಕೋಳಿ ಹುರಿದಿದ್ದೀವಿ. ರೋಷದಿಂದ ಹೊಟ್ಟೆ ತುಂಬಲ್ಲ."

"ನಿಮ್ಮನೆ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲಮ್ಮ." ಅವನು ಮಗಳ ತಲೆ ಸವರಿದ. "ನೀನು ನನ್ನವಳು, ಮಗೂನೂ ನನ್ನದು. ಆ ಮನೆ ಮಾತ್ರ ನನ್ನದಲ್ಲ. ಬರೋದಾದ್ರೆ ಈಗಲೇ ಬಾ, ಗಾಡಿ ನಿಂತಿದೆ."

"ಹೋಗ್ಲಿ ಬಿಡಿ! ಮಗು ಮಾತ್ರ ಇಲ್ಲೇ ಇರುತ್ತೆ. ಕಾನೂನು ನಮ್ಮ ಕಡೆಗಿದೆ," ಎಂದಳು ಅತ್ತೆ. ತಿಯೊದೋರ್ ನೆಲ ನೋಡುತ್ತ ನಿಂತಿದ್ದ.

ಸಲೋಮಿಯಾ ಒಂದು ಹೆಜ್ಜೆ ಮುಂದಿಟ್ಟಳು. ತೋಳಲ್ಲಿದ್ದ ಕೂಸು ಹಸಿದು ಅವಳ ರವಿಕೆಯನ್ನು ಹಿಡಿದೆಳೆಯಿತು... ಹೆಜ್ಜೆ ಅಲ್ಲೇ ನಿಂತಿತು.

ಗಾಡಿ ಹೊರಟುಹೋಯಿತು. ಅವಳು ಮನೆಗೆ ಬಂದು, ಮಗುವಿಗೆ ಹಾಲೂಡಿಸಿ, ಕಣ್ಣೊರೆಸಿಕೊಂಡು, ಔತಣಕ್ಕೆ ಬಂದಿದ್ದ ಕರ್ನಲ್‌ನ ತಟ್ಟೆಗೆ ಬಾತುಕೋಳಿಯ ಮೊದಲ ತುಂಡು ಬಡಿಸಿದಳು.