ಹೆಬ್ಬೆರಳಿನ ಗುಳಿ

"ಇದನ್ನ ಇವತ್ತು ಸುಡೋಕಾಗಲ್ಲ. ಇನ್ನೂ ಹಸಿ ಇದೆ, ಒಡೆಯುತ್ತೆ. ಕಾಯಿರಿ."

"ಕಾಯೋಕೆ ನನಗೆ ಪುರುಸೊತ್ತಿಲ್ಲ!"

ಮಡಕೆ ಸುಡುವ ಭಟ್ಟಿಯ ಬಾಗಿಲಲ್ಲಿ ಅವಳು ಅಂಗೈ ಚಾಚಿ ನಿಂತಿದ್ದಳು. ಅಂಗೈಯಲ್ಲೊಂದು ಜೇಡಿಮಣ್ಣಿನ ಬಿಲ್ಲೆ. ನಡುವೆ ಅವಳ ಹೆಬ್ಬೆರಳು ಒತ್ತಿದ ಗುಳಿ.

ಆ ಅಂಗೈ ನಡುಗುತ್ತಿತ್ತು. ಭಟ್ಟಿಯವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು!

"ಏನು ನೋಡ್ತಿದೀರಾ? ಸುಡ್ತೀರೋ ಇಲ್ವೋ?"

"ಒಡೆದ್ರೆ ನನ್ನ ಬೈಬೇಡಿ..." ಎಂದು ಬಿಲ್ಲೆ ತೆಗೆದುಕೊಂಡ. ಅವನ ಬೆರಳು ತಗುಲಿದಾಗ ಅವಳಿಗೆ ಒಂದೇ ಅನ್ನಿಸಿತು. ಎಷ್ಟು ಸ್ಥಿರವಾದ ಕೈ!

ಹೊಟ್ಟೆಕಿಚ್ಚಾಯಿತು. ಅವಳ ಕೈಯೂ ಒಂದು ಕಾಲದಲ್ಲಿ ಹಾಗೇ ಇತ್ತು.

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ 'ಕತ್ತರಿ' ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸಲು ಅವಳನ್ನು ಬಿಟ್ಟರಿಲ್ಲ. ಒಂದು ದಿನ ಗಿರಾಕಿಯೊಬ್ಬಳು ತೀರಿಹೋದ ತಾಯಿಯ ರೇಷ್ಮೆ ಬಟ್ಟೆ ತಂದು, ತನ್ನ ಅಳತೆಗೆ ಹೊಲಿದುಕೊಡಿ ಎಂದಳು. 'ಕತ್ತರಿ' ಅದನ್ನು ತಪ್ಪಾಗಿ ಕತ್ತರಿಸಿದಳು. ಗಿರಾಕಿ ಬೈಯಲಿಲ್ಲ. ತುಂಡುಗಳನ್ನು ಮಡಚಿ ಎದೆಗೊತ್ತಿಕೊಂಡು ಹೊರಟುಹೋದಳು, ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಬಟ್ಟೆಯ ಹತ್ತಿರ ಹೋದರೆ ಕೈ ನಡುಕ. ಯಜಮಾನಿ ತಿಂಗಳ ಕೊನೆಯವರೆಗೆ ನೋಡುತ್ತೇನೆ ಎಂದಿದ್ದಳು. ಆಮೇಲೆ ಕತ್ತರಿಸುವ ಮೇಜು ಬೇರೆಯವರಿಗೆ, ಇವಳು ಗುಂಡಿ ಹೊಲಿಯುತ್ತಾ ಮೂಲೆಗೆ.

ಆಗಲೇ ಅವಳು ಮಣ್ಣತ್ತೆಯ ಸಂಜೆ ತರಗತಿಗೆ ಸೇರಿದ್ದು. ಮಡಕೆ ಅಂಗಡಿಯ ಹಿಂಬದಿ ಕೋಣೆಯಲ್ಲಿ, ಭಟ್ಟಿಯ ಪಕ್ಕದಲ್ಲೇ, ಆ ಮುದುಕಿ ಬಿಲ್ಲೆ ಮಾಡುವುದನ್ನು ಕಲಿಸುತ್ತಿದ್ದಳು. ಅವಳು ಹೇಳುತ್ತಿದ್ದದ್ದು ಇಷ್ಟು:

"ಮಣ್ಣು ಮೈ ಕೊಡುತ್ತೆ, ನೀರು ಮೆತ್ತಗೆ ಮಾಡುತ್ತೆ, ಗಾಳಿ ಒಣಗಿಸುತ್ತೆ, ಬೆಂಕಿ ಗಟ್ಟಿ ಮಾಡುತ್ತೆ. ಮನುಷ್ಯನ ಗುರಿಗೂ ಇದೇ ದಾರಿ ಕಣ್ರಮ್ಮಾ. ಒಂದೇ ಒಂದು ಗುರಿ ನೆನೆದು ಬಿಲ್ಲೆಗೆ ಹೆಬ್ಬೆರಳು ಒತ್ತಿ. ಎರಡು ದೋಣಿ ಮೇಲೆ ಕಾಲಿಟ್ಟವರ ಗತಿ ಗೊತ್ತಲ್ಲ!"

ಮನೆಯಲ್ಲಿ ಅಕ್ಕ ನಕ್ಕಿದ್ದಳು. "ಮಣ್ಣು ಮುಟ್ಟಿದ್ರೆ ಕೈ ನಡುಕ ಹೋಗುತ್ತಾ? ಹಾಗಿದ್ರೆ ಗಾರೆ ಕೆಲಸದವರೆಲ್ಲ ನಿನ್ನ ಅಂಗಡೀಲಿ ಇರ್ತಿದ್ರು ಕಣೇ!"

ಸುಡಲು ಕೊಟ್ಟ ಬಿಲ್ಲೆ ಕೇಳಲು ಹೋದಾಗೆಲ್ಲ ಭಟ್ಟಿಯವನು "ನಾಳೆ ಬನ್ನಿ" ಎನ್ನುತ್ತಿದ್ದ. ಕೊನೆಗೆ ಕೊಟ್ಟ. ಕೊಡುವಾಗ ಮುಖ ನೋಡಲಿಲ್ಲ.

"ಒಡೆಯಲಿಲ್ವಲ್ಲ!" ಅವಳು ಗೆದ್ದವಳಂತೆ ನಕ್ಕಳು.

ಅವನು ಬೂದಿ ಗುಡಿಸತೊಡಗಿದ.

ಮರುದಿನ ಬಿಲ್ಲೆಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಗುಳಿಯಲ್ಲಿ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದಳು. ಕತ್ತರಿ ಎತ್ತಿದಳು... ಕೈ ನಡುಕ ನಿಂತಿತು! ದಿಂಬಿನ ಬಟ್ಟೆಯಾಯಿತು, ಅಂಗಿಯಾಯಿತು. ದಿನಾ ಸಂಜೆ ಅದನ್ನೆಲ್ಲ ಭಟ್ಟಿಯವನಿಗೆ ಹೇಳದೆ ಮನೆಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ.

"ಇವತ್ತು ಏನು ಕತ್ತರಿಸಿದ್ರಿ?" ಎಂದು ಅವನೇ ಕೇಳತೊಡಗಿದ. ಅವಳಿಗಾಗಿ ಮಣೆಯೊಂದನ್ನು ಒರೆಸಿ ಇಡತೊಡಗಿದ.

ಮಣ್ಣತ್ತೆ ಕಂಡೂ ಕಾಣದಂತೆ, "ಭಟ್ಟಿ ಹತ್ತಿರ ಚಳಿ ಕಾಯಿಸೋಕೆ ಬರ್ತೀಯೇನೇ, ಈ ಸೆಕೇಲಿ?" ಎನ್ನುತ್ತಿದ್ದಳು.

ಸುಖ ಹೆಚ್ಚು ದಿನ ಬಾಳಲಿಲ್ಲ.

ಒಂದು ಸಂಜೆ ಮಣ್ಣತ್ತೆ ಹೊಸಬರಿಗೆ ಹೇಳುತ್ತಿದ್ದಳು. "ಸುಟ್ಟ ಮಣ್ಣು ಕುಗ್ಗುತ್ತೆ. ಹಸೀಲಿ ಒತ್ತಿದ ಗುಳಿ, ಸುಟ್ಟ ಮೇಲೆ ನಿಮ್ಮ ಬೆರಳಿಗೇ ಬಿಗಿ. ಗುರೀನೂ ಅಷ್ಟೇ. ಚಿಕ್ಕದಾಗುತ್ತೆ, ಆದ್ರೆ ಗಟ್ಟಿ!"

ಹಳಬರೆಲ್ಲ ತಮ್ಮ ಬಿಲ್ಲೆ ತೆಗೆದು ನೋಡಿದರು. "ಹೌದು, ಬೆರಳು ಕೂರಲ್ಲ!" ಎಂದು ನಗು.

ಅವಳೂ ಬೆರಳಿಟ್ಟಳು.

ಬಿಗಿಯಿಲ್ಲ. ಅಪ್ಪನ ಚಪ್ಪಲಿಯೊಳಗೆ ಮಗುವಿನ ಕಾಲಿಟ್ಟಂತೆ ಬೆರಳು ಆಚೀಚೆ ಆಡಿತು.

'ಇದು ನನ್ನದಲ್ಲ...'

ನೇರ ಭಟ್ಟಿಗೆ ನಡೆದಳು. "ಕೈ ತೋರಿಸಿ. ಹೆಬ್ಬೆರಳು!"

ಅವನ ಮುಖ ಕಪ್ಪಿಟ್ಟಿತು. ಬೆರಳನ್ನು ಗುಳಿಯ ಮೇಲಿಟ್ಟ. ಸ್ವಲ್ಪವೇ ಬಿಗಿ. ಅವನದೇ!

"ನಿಮ್ಮದು ಅವತ್ತೇ ಒಡೀತು. ನಿಮ್ಮ ಕೈ ನಡುಗ್ತಿತ್ತು... ಹೇಳೋಕೆ ಬಾಯಿ ಬರಲಿಲ್ಲ, ಇನ್ನೊಂದು ಮಾಡಿ ನಾನೇ ಬೆರಳು ಒತ್ತಿದೆ."

"ಹಾಗಾದ್ರೆ ಇಷ್ಟು ದಿನ ನಾನು ನಂಬಿದ್ದು ಸುಳ್ಳನ್ನ! ನಾಳೆ ಯಜಮಾನಿ ಒಂದು ಕೋಟು ಕೊಡ್ತಾರೆ. ಒಬ್ಬ ಅಜ್ಜಿಯದು, ಅವರ ಮೊಮ್ಮಗಳಿಗೆ ಚಿಕ್ಕದು ಮಾಡಬೇಕು. ಅಂಥದ್ದು ಇನ್ನೊಂದು ಇಲ್ಲ. ನಾಳೆ ನಾನು ಏನು ಹಿಡ್ಕೊಂಡು ನಿಲ್ಲಲಿ?"

ಬಿಲ್ಲೆಯನ್ನು ಅವನು ಒರೆಸಿಟ್ಟಿದ್ದ ಮಣೆಯ ಮೇಲಿಟ್ಟು ಹೊರಟಳು.

ಬೆಳಿಗ್ಗೆ ಮೇಜಿನ ಮೇಲೆ ಕಂದು ಬಣ್ಣದ ಕೋಟು ಬಿಚ್ಚಿಕೊಂಡಿತ್ತು. ಕೈ ಆಗಲೇ ನಡುಗುತ್ತಿತ್ತು. ಯಜಮಾನಿ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು.

"ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು ತಾಯಿ. ಆ ಮಗು ಮುಂದೆ ನಾನು ತಲೆ ತಗ್ಗಿಸೋಕಾಗಲ್ಲ."

ಅವಳು ಅಭ್ಯಾಸಬಲದಿಂದ ಬಟ್ಟೆಗೆ ನೀರು ಚಿಮುಕಿಸಿದಳು. ಕಾದ ಇಸ್ತ್ರಿ ಪೆಟ್ಟಿಗೆ ಎಳೆದಳು. ಚಾಕ್‌ನಿಂದ ಗೆರೆ ಹಾಕಿ, ಉದುರಿದ ಪುಡಿಯನ್ನು ಬಾಯಿಂದ ಊದಿದಳು.

ಊದಿದ ಬಾಯಿ ಹಾಗೇ ನಿಂತಿತು.

ನೀರು... ಬೆಂಕಿ... ಮಣ್ಣಿನಂಥ ಈ ಚಾಕ್... ಈಗ ಊದಿದ್ದು ಗಾಳಿ!

'ಅಯ್ಯೋ ಪೆದ್ದಿ! ನಾಲ್ಕೂ ನಿನ್ನ ಮೇಜಿನ ಮೇಲೇ ಇದ್ದವಲ್ಲೇ!'

ದಿನವೂ ಮಾಡುತ್ತಿದ್ದದ್ದೇ. ಲಕ್ಷ್ಯವಿಟ್ಟು ಮಾಡಿರಲಿಲ್ಲ, ಅಷ್ಟೇ. ಮತ್ತೆ ನೀರು ಚಿಮುಕಿಸಿದಳು, ಈ ಸಲ ನಿಧಾನಕ್ಕೆ. ಇಸ್ತ್ರಿಯ ಬಿಸಿ ಮುಖಕ್ಕೆ ತಾಗಲು ಬಿಟ್ಟಳು. ಗೆರೆಯನ್ನು ಮತ್ತೊಮ್ಮೆ ತಿದ್ದಿ ಊದಿದಳು. ಒಂದೇ ಗುರಿ. ಈ ಗೆರೆ.

ಕತ್ತರಿ ಎತ್ತಿದಳು. ನಡುಕ ಪೂರ್ತಿ ಹೋಗಿರಲಿಲ್ಲ. ಆದರೆ ಬಾಯ್ದೆರೆದ ಕತ್ತರಿ ಗೆರೆ ಬಿಟ್ಟು ಕದಲಲಿಲ್ಲ.

ಕೊನೆಯ ತುಂಡು ಬೇರೆಯಾದಾಗ ಯಜಮಾನಿ ಬೆರಳಿನಿಂದ ಅಂಚನ್ನು ಸವರಿ ನೋಡಿದಳು. "ಮೇಜು ನಿಂದೇ," ಎಂದು ಕುರ್ಚಿ ಎತ್ತಿಕೊಂಡು ಹೋದಳು.

ಸಂಜೆ ಕಾಲುಗಳು ಕೇಳದೆ ಭಟ್ಟಿಯ ದಾರಿ ಹಿಡಿದವು. ಬಾಗಿಲಲ್ಲೇ ಅವನು ಎದ್ದು ನಿಂತ.

"ಕೋಟು..?"

"ಕತ್ತರಿಸಿದೆ."

ಅವನು ಹಿಡಿದಿದ್ದ ಉಸಿರು ಬಿಟ್ಟ. ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಒಡೆದ ಬಿಲ್ಲೆಯ ಚೂರುಗಳು. ಒಂದರ ಮೇಲೆ ಅವಳ ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು.

"ಬಿಸಾಡೋಕೆ ಮನಸ್ಸು ಬರಲಿಲ್ಲ. ಅವತ್ತೇ ಹೇಳಬೇಕಿತ್ತು. ತಪ್ಪು ನಂದು."

"ಹೌದು, ನಿಮ್ಮದೇ. ಇನ್ನೊಂದು ಸಲ ನನ್ನ ಒಳ್ಳೇದಕ್ಕೇಂತ ಸುಳ್ಳು ಹೇಳಿದ್ರೆ, ನೋಡಿ!" ಬೆದರಿಸಿದರೂ ದನಿ ಮೆತ್ತಗಾಗಿತ್ತು. "ನಿಮ್ಮ ಬೆರಳು ಒತ್ತುವಾಗ ಏನು ನೆನೆದ್ರಿ?"

"ನಿಮ್ಮ ಕೈ ನಡುಗಬಾರದು ಅಂತ."

"ಅದು ನನ್ನ ಗುರಿ. ನಿಮ್ಮದೇನಿತ್ತು?"

"ಅವತ್ತು ನನಗೆ ಬೇರೆ ಗುರಿ ಇರಲಿಲ್ಲ. ಇವತ್ತು ಇದೆ... ನೀವು ದಿನಾ ಬರಬೇಕು. ಬಂದಮೇಲೆ ಹೋಗಬಾರದು."

ಅವಳ ಕಣ್ಣು ತುಂಬಿತು. ತೊಟ್ಟಿಯಿಂದ ಒಂದು ಹಿಡಿ ಹಸಿ ಮಣ್ಣು ತೆಗೆದು ತಟ್ಟಿದಳು. ತನ್ನ ಹೆಬ್ಬೆರಳು ಒತ್ತಿದಳು. ಪಕ್ಕದಲ್ಲೇ ಅವನ ಹೆಬ್ಬೆರಳು ಹಿಡಿದು ಒತ್ತಿಸಿದಳು.

"ಇವತ್ತೇ ಸುಡೋಣ್ವಾ?" ಎಂದ ಅವನು, ಅವಸರವಾಗಿ.

ಅವಳು ಅವನ ಮಣ್ಣಾದ ಕೈಯನ್ನು ಬಿಡಲಿಲ್ಲ. ಮೊದಲ ಸಲ ಏಕವಚನದಲ್ಲಿ ಹೇಳಿದಳು.

"ಹಸಿ ಇದೆ, ಒಡೆಯುತ್ತೆ. ಕಾಯಿ ಮಾರಾಯಾ... ನಾನೂ ಇಲ್ಲೇ ಕೂತಿರ್ತೀನಿ."