ಫೈಲ್ ಬಿಟ್ಟುಕೊಟ್ಟ ಕಾರಣ

"ಈ ಅರ್ಜಿ ಪ್ರಕಾರ ನಿಮ್ಮ ಮಗಳಿಗೆ ನಮ್ಮ ಸೇವೆ ಬೇಕಾಗೇ ಇಲ್ಲ, ಮೇಡಂ."

ಅವನು ಇಷ್ಟು ಹೇಳಿದ್ದೇ ತಡ, ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು!

"ಏನಂದ್ರಿ?"

ಅದು ಅರ್ಹತಾ ಪರಿಶೀಲನಾ ಕಚೇರಿಯ ಮೂರನೇ ಕೊಠಡಿ. ಆಟಿಸಂ ಇರುವ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಮಾತಿನ ತರಬೇತಿ, ದಿನನಿತ್ಯದ ಕೆಲಸಗಳ ತರಬೇತಿ, ಶಾಲೆಯಲ್ಲಿ ಪಕ್ಕದಲ್ಲೇ ಕೂರುವ ಒಬ್ಬ ಸಹಾಯಕಿ... ಇದೆಲ್ಲ ಯಾವ ಮಗುವಿಗೆ ಸಿಗಬೇಕು ಎಂದು ತೀರ್ಮಾನಿಸುವ ಜಾಗ. ತೀರ್ಮಾನಿಸುವವನು ಮೇಜಿನ ಆಚೆ ಕೂತಿದ್ದ ಪರಿಶೀಲಕ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್.

ಈಚೆ ಕೂತಿದ್ದವಳು, ಅಂದರೆ ಈಗ ಎದ್ದು ನಿಂತವಳು, ಡ್ರೈವಿಂಗ್ ಶಾಲೆಯ ಟೀಚರ್. ಹನ್ನೊಂದು ವರ್ಷದಿಂದ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು. ಎದುರಿಗೆ ಬರುವ ಲಾರಿಗೇ ಹೆದರದವಳು ಒಂದು ಪೆನ್ಸಿಲಿಗೆ ಹೆದರುತ್ತಾಳೆಯೇ?

"ಡಾಕ್ಟ್ರು ಆಟಿಸಂ ಅಂತ ಬರೆದುಕೊಟ್ಟಿದ್ದಾರೆ. ಕಾಗದ ನಿಮ್ಮ ಮುಂದೇನೇ ಇದೆ. ಕಣ್ಣು ಕಾಣ್ಸುತ್ತೆ ತಾನೇ?"

"ಕಾಣ್ಸುತ್ತೆ. ಆದ್ರೆ ಡಾಕ್ಟ್ರ ಕಾಗದ ಒಂದೇ ಸಾಕಾಗಲ್ಲ. ದಿನ ಕಳೆಯೋಕೆ ಮಗುವಿಗೆ ಎಷ್ಟು ಸಹಾಯ ಬೇಕು ಅಂತ ನಾವು ನೋಡ್ಬೇಕು. ಅರವತ್ತು ಪ್ರಶ್ನೆ ಇದೆ. ಐವತ್ತಾರಕ್ಕೆ ನೀವು 'ಮಾಡುತ್ತಾಳೆ' ಅಂತ ಗುರುತು ಹಾಕಿದ್ದೀರಿ. ಹಲ್ಲುಜ್ಜುತ್ತಾಳೆ, ಬಟ್ಟೆ ಹಾಕ್ಕೋತಾಳೆ, ಹೊಸ ಜಾಗಕ್ಕೆ ಹೊಂದ್ಕೋತಾಳೆ..."

"ಮಾಡ್ತಾಳೆ! ನನ್ನ ಮಗಳು ಎಲ್ಲಾನೂ ಮಾಡ್ತಾಳೆ!"

ಮಗಳು ಆ ಹೊತ್ತಿಗೆ ಮೇಜಿನ ಕೆಳಗೆ ಕೂತು, ಕುರ್ಚಿಯ ಕಾಲಿನ ಮೇಲೆ ಬೆರಳಾಡಿಸುತ್ತ ಗುಂಯ್‌ಗುಡುತ್ತಿದ್ದಳು. ದಿನವಿಡೀ ಹಾಗೆ ಗುಂಯ್‌ಗುಡುತ್ತಾಳೆಂದೇ ಮನೆಯಲ್ಲಿ ಅವಳಿಗೆ 'ಗುಂಗಿ' ಎಂಬ ಹೆಸರು. ಒಂದು ವಾರದಿಂದ ತಾಯಿ ಅವಳನ್ನು ಪರೀಕ್ಷೆಗೆ ತಯಾರು ಮಾಡುವಂತೆ ತಯಾರು ಮಾಡಿದ್ದಳು. ಬಣ್ಣ ಹೇಳು, ಶೂ ಹಾಕ್ಕೋ, ಅಂಕಲ್ ಕೇಳಿದ್ರೆ ಹೆಸರು ಹೇಳು! ನಾಲ್ಕು ಜನರ ಮುಂದೆ ಮಗು ಚೆನ್ನಾಗಿ ಕಾಣಲಿ ಎಂದು ಯಾವ ತಾಯಿಗೆ ಆಸೆ ಇರುವುದಿಲ್ಲ? ಪಾಪ, ಈ ಕಚೇರಿಯಲ್ಲಿ ಪಾಸಾದವರೇ ಫೇಲು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಪರಿಶೀಲಕ ಒಂದು ಖಾಲಿ ಅರ್ಜಿಯನ್ನು ಅವಳ ಮುಂದಿಟ್ಟ.

"ಮಗುವಿಗೆ ಆರು ವರ್ಷ ತುಂಬೋಕೆ ಇನ್ನು ಮೂವತ್ತನಾಲ್ಕು ದಿನ. ಅಷ್ಟರೊಳಗೆ ಆದೇಶ ಆಗ್ಬೇಕು. ತುಂಬಿದ ಮೇಲೆ ಅರ್ಜಿ ದೊಡ್ಡ ಮಕ್ಕಳ ಸಾಲಿಗೆ ಹೋಗುತ್ತೆ, ಅಲ್ಲಿ ಎರಡು ವರ್ಷ ಕಾಯ್ಬೇಕು. ಇನ್ನೊಂದ್ಸಲ ತುಂಬಿ. ನಾನೂ ಮನೆಗೆ ಬಂದು ನೋಡ್ತೀನಿ."

"ನನ್ನ ಮಗಳಿಗೆ ಏನೂ ಬರಲ್ಲ ಅಂತ ನನ್ನ ಕೈಯಿಂದ್ಲೇ ಬರೆಸ್ಬೇಕಾ ನಿಮಗೆ?"

"ಸುಳ್ಳು ಬರೀಬೇಡಿ. ಪೂರ್ತಿ ಬರೀರಿ, ಅಷ್ಟೇ."

'ಕಲ್ಲು ಮನುಷ್ಯ!' ಎಂದುಕೊಂಡು ಅವಳು ಅರ್ಜಿಯನ್ನು ಕಿತ್ತುಕೊಂಡಳು. ಗುಂಗಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟವಳು ಹಿಂತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಈ ಅತ್ತೆಯ ಕಥೆಯೇ ಬೇರೆ. ಮೂರು ವರ್ಷದ ಹಿಂದೆ, "ಮಾತಾಡದ ಮಗು ಜೊತೆ ನನ್ನಿಂದ ಬಾಳಕ್ಕಾಗಲ್ಲ" ಎಂದು ಮಗ ವಿಚ್ಛೇದನ ಪಡೆದು ಹೋದಾಗ, ಅತ್ತೆ ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಸೊಸೆಯ ಹಿಂದೆ ಬಂದಿದ್ದರು. "ಅವನನ್ನ ಹೆತ್ತ ತಪ್ಪಿಗೆ ಇಷ್ಟಾದ್ರೂ ಮಾಡ್ತೀನಿ" ಎಂದಿದ್ದರು. ಮಗನಿಂದ ಫೋನು ಬಂದರೆ ಇಂದಿಗೂ ಅವರಿಗೆ ಕಿವಿ ಕೇಳಿಸುವುದಿಲ್ಲ!

ಸೊಸೆಯ ದೂರೆಲ್ಲ ಕೇಳಿದ ಮೇಲೆ ಅವರು ಒಂದೇ ಮಾತು ಹೇಳಿದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯ್ತು ಕಣೇ ನಿನ್ನ ಕಥೆ."

ಅವಳಿಗೆ ಅತ್ತೆಯ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕಲಿಯಲು ಬಂದವರು ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಮಾರ್ಕೆಟ್ ರಸ್ತೆ ದಾಟಿ ಕಾರು ನಿಂತಿತೋ ಇಲ್ಲವೋ, ಮೇಷ್ಟ್ರ ಮುಖ ಅರಳಿ ಊರಗಲವಾಯಿತು.

"ನೋಡಿದ್ಯೇನಮ್ಮಾ? ಅಷ್ಟೂ ದೂರ ನಾನೇ ಓಡಿಸ್ದೆ!"

ಕಲಿಸುವ ಕಾರಿನಲ್ಲಿ ಟೀಚರ್ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಆ ರಸ್ತೆಯಲ್ಲಿ ಅವಳು ಅದನ್ನು ಆರು ಸಲ ಒತ್ತಿದ್ದಳು. ಎರಡು ಸಲ ಸ್ಟಿಯರಿಂಗನ್ನೂ ತಿರುಗಿಸಿದ್ದಳು.

"ಸಾರ್, ಬ್ರೇಕ್ ಮೇಲೆ ನನ್ನ ಕಾಲಿತ್ತು. ಅದನ್ನ ತೆಗೆದ ದಿನ ನೀವೇ ಓಡಿಸಿದ್ರಿ ಅಂತ ಒಪ್ತೀನಿ" ಎಂದು ನಗುತ್ತ ಹೇಳಿದವಳು, ಮಾತು ಮುಗಿಯುವಷ್ಟರಲ್ಲಿ ತನ್ನ ಕಾಲಿನ ಬಳಿಯ ಬ್ರೇಕನ್ನೇ ನೋಡತೊಡಗಿದಳು.

ಗುಂಗಿ ಹಲ್ಲುಜ್ಜುತ್ತಾಳೆ... ಹೌದು. ಯಾರ ಕೈಯಿಂದ? ಗುಂಗಿ ಬಟ್ಟೆ ಹಾಕಿಕೊಳ್ಳುತ್ತಾಳೆ... ಹೌದು. ಎಷ್ಟು ಹೊತ್ತಿನ ಓಲೈಕೆಯ ಮೇಲೆ? 'ಅಯ್ಯೋ, ನಾನೂ ಈ ಮೇಷ್ಟ್ರ ಹಾಗೇ ಬರೆದು ಬಂದಿದ್ದೀನಲ್ಲ!'



ಶನಿವಾರ ಹತ್ತು ಗಂಟೆಗೆ ಪರಿಶೀಲಕ ಮನೆಗೆ ಬಂದ. ಶೂ ಬಿಚ್ಚಿಟ್ಟು ನೆಲದ ಮೇಲೇ ಕೂತ. ಬಂದವರೆಲ್ಲ ಮಾಡುವಂತೆ 'ಪುಟ್ಟೀ, ಇಲ್ನೋಡು' ಎಂದು ಚಪ್ಪಾಳೆ ತಟ್ಟಲಿಲ್ಲ, ಗಲ್ಲ ಹಿಂಡಲಿಲ್ಲ. ಅರ್ಧ ಗಂಟೆ ಸುಮ್ಮನೆ ಕೂತಿದ್ದ. ಕೊನೆಗೆ ಗುಂಗಿಯೇ ಹತ್ತಿರ ಬಂದು, ಅವನ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡು, ಸಾಲಾಗಿ ಜೋಡಿಸಿದ್ದ ತನ್ನ ಚಮಚಗಳ ತುದಿಗೆ ಇಟ್ಟಳು. ಅವನು ಜೇಬಿನಿಂದ ಇನ್ನೊಂದು ಪೆನ್ಸಿಲ್ ತೆಗೆದ.

"ಶುರು ಮಾಡೋಣ್ವಾ? ಹಲ್ಲುಜ್ಜೋದು?"

ಅವಳು ಉಸಿರು ಎಳೆದುಕೊಂಡಳು. "ಪೇಸ್ಟ್ ನಾನು ಹಾಕ್ತೀನಿ. ಬ್ರಶ್ ಅವಳ ಕೈಲಿರುತ್ತೆ. ಅವಳ ಕೈ ನನ್ನ ಕೈಲಿರುತ್ತೆ."

"ಬಟ್ಟೆ?"

"ಕತ್ತಿನ ಹತ್ರ ಇರೋ ಲೇಬಲ್ ಎಲ್ಲಾ ಕತ್ತರಿಸಿರ್ಬೇಕು. ಇಲ್ದಿದ್ರೆ ಕಿರುಚ್ತಾಳೆ. ಹದಿನೈದು ನಿಮಿಷ ಮೊದಲಿಂದ್ಲೇ ಹೇಳ್ತಾ ಇರ್ಬೇಕು."

"ಹೊಸ ಜಾಗಕ್ಕೆ ಹೋಗೋದು?"

"ಹಿಂದಿನ ದಿನ ನಾನೊಬ್ಳೇ ಹೋಗಿ ಬಾಗಿಲು, ಮೆಟ್ಟಿಲು, ಕುರ್ಚಿ ಎಲ್ಲದರ ಫೋಟೋ ತೆಗೆದು ತಂದು ತೋರಿಸ್ತೀನಿ. ನಿಮ್ಮ ಆಫೀಸಿಗೂ ಹಾಗೇ ಬಂದಿದ್ದೆ."

ಬರೆಯುತ್ತಿದ್ದ ಪೆನ್ಸಿಲ್ ನಿಂತಿತು. ಅವನು ತಲೆಯೆತ್ತಿ ನೋಡಿದ. ಅವಳ ಕಣ್ಣು ತುಂಬಿಬಂದಿತ್ತು.

"ಬರೀರಿ... ನನ್ನ ಮಗಳ ಸೋಲಿನ ಪಟ್ಟಿ ತಾನೇ ಇದು? ಬರೀರಿ."

"ಯಾರು ಹಾಗಂದಿದ್ದು?" ಎಂದ ಅವನು ಮೆಲ್ಲಗೆ. "ನೀವು ದಿನಾ ಮಾಡೋ ಕೆಲಸದ ಪಟ್ಟಿ ಇದು. ಐದು ವರ್ಷದಲ್ಲಿ ಇದನ್ನ ಯಾರೂ ಕೂತು ಕೇಳೇ ಇಲ್ಲ, ಅಲ್ವಾ?"

ನಿಜ. ಯಾರೂ ಕೇಳಿರಲಿಲ್ಲ. ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕ್ಷಣದಿಂದ ಅವಳಿಗೆ ಅವನನ್ನು ಕಲ್ಲು ಎನ್ನಲು ಬಾಯಿ ಬರಲಿಲ್ಲ.

ನಿಯಮದ ಪ್ರಕಾರ ಮೂರು ಭೇಟಿ. ಎರಡನೇ ಶನಿವಾರ ಬಂದಾಗ ಗುಂಗಿ ಅವನ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು, ತಾನಾಗಿಯೇ ಕೂತಳು. ಅವನು ತಿರುಗಿ ನೋಡಲಿಲ್ಲ, ಆದರೆ ಅವನ ಮುಖದಲ್ಲಿ ಎಂಥ ಸಂತೋಷ! ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳಿಗೆ, 'ಇವನು ಹೀಗೇ ಇಲ್ಲೇ ಕೂತಿರಬಾರದೇ' ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಮೂರನೇ ಶನಿವಾರ ಅತ್ತೆ ಟೀ ಕೊಟ್ಟು, ಎದುರಿಗೇ ಕೂತರು.

"ಮದುವೆ ಆಗಿದ್ಯೇನಪ್ಪಾ?"

ಅವನಿಗೆ ಟೀ ನೆತ್ತಿಗೇರಿತು. "ಇ... ಇಲ್ಲಮ್ಮ."

"ಯಾಕೆ?"

"ಅತ್ತೇ!"

"ಯಾಕೇ, ಪ್ರಶ್ನೆ ಅವನೊಬ್ಬನೇ ಕೇಳ್ಬೇಕಾ? ಅವನು ಅರವತ್ತು ಕೇಳಿದ್ದಾನೆ. ನಾನು ಎರಡು ಕೇಳ್ಬಾರ್ದಾ?"

ಅವನು ಕಿವಿಯವರೆಗೂ ಕೆಂಪಾದ. ಹೊರಡುವಾಗ ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದ. ಆದರೆ ಅವನ ಕಣ್ಣು ತನ್ನ ಕೈಯಲ್ಲಿದ್ದ ಫೈಲಿನ ಮೇಲೆ ಬಿತ್ತು. ಬಾಯಿ ಮುಚ್ಚಿದ. ತಲೆ ತಗ್ಗಿಸಿ ನಡೆದೇಬಿಟ್ಟ.

ಸೋಮವಾರ ಫೋನಿಗೆ ಒಂದು ಸಂದೇಶ ಬಂತು. 'ನಿಮ್ಮ ಅರ್ಜಿಯನ್ನು ಬೇರೆ ಪರಿಶೀಲಕರಿಗೆ ವರ್ಗಾಯಿಸಲಾಗಿದೆ.'

ಅಷ್ಟೇ! ಯಾಕೆ, ಏನು, ಒಂದು ಮಾತಿಲ್ಲ!

ಅವಳು ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಮೂರನೇ ಸಲ ಸ್ವಿಚ್ ಆಫ್.

'ಇವನೂ ಅಷ್ಟೇ! ನನ್ನ ಮಗಳ ಕಷ್ಟ ಅರವತ್ತು ಸಾಲಿನಲ್ಲಿ ಬರೆದುಕೊಂಡ, ಆಮೇಲೆ ಸಾಕಾಯ್ತು ಅಂತ ಕೈ ತೊಳ್ಕೊಂಡ. ಒಬ್ಬ ಹೇಳಿ ಹೋದ, ಇವನು ಹೇಳದೇ ಹೋದ...'

ಅತ್ತೆ ಬಂದು ಪಕ್ಕದಲ್ಲಿ ನಿಂತರು. "ಅಳ್ತಿದ್ದೀಯೇನೇ?"

"ಅಳೋಕೆ ಟೈಮೆಲ್ಲಿದೆ ಅತ್ತೆ? ಹದಿಮೂರು ದಿನ ಉಳಿದಿದೆ. ಅವನು ಹೋದ್ರೆ ಹೋಗ್ಲಿ, ಗುಂಗಿ ಫೈಲು ಹೋಗಕ್ಕೆ ನಾನು ಬಿಡಲ್ಲ!"

ಹೊಸ ಪರಿಶೀಲಕಿ ನಿವೃತ್ತಿಗೆ ಹತ್ತಿರವಾದ ಹಿರಿಯ ಮೇಡಂ. ಮೂಗಿನ ತುದಿಯ ಮೇಲೆ ಕನ್ನಡಕ, ಅದರ ಪಕ್ಕದಲ್ಲೇ ಕೋಪ. "ಅವನು ಬರೆದದ್ದನ್ನ ನಾನು ನಂಬಲ್ಲ. ಮೊದಲಿಂದ ಹೇಳಿ" ಎಂದರು. ಟೀಚರ್ ಹೇಳಿದಳು. ಅರವತ್ತಕ್ಕೆ ಅರವತ್ತೂ, ತಡವರಿಸದೆ, ಮುಚ್ಚುಮರೆಯಿಲ್ಲದೆ. ಈಗ ಅವಳಿಗೆ ನಾಚಿಕೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಮೇಡಂ ಮನೆಗೂ ಬಂದರು, ಗುಂಗಿಯ ಶಾಲೆಗೂ ಹೋಗಿ ವಿಚಾರಿಸಿದರು.

ಒಂಬತ್ತನೇ ದಿನ ಕರೆ ಬಂತು. ಅವಳು ಕಚೇರಿಗೆ ಓಡಿದಳು.

ಮೇಡಂ ಕಾಗದದ ಮೇಲೆ ಮೊಹರು ಒತ್ತಿ ಮುಂದಕ್ಕೆ ತಳ್ಳಿದರು. "ಅರ್ಹಳು. ಮುಂದಿನ ತಿಂಗಳಿಂದ ತರಬೇತಿ ಶುರು. ಶಾಲೆಗೆ ಸಹಾಯಕಿಯೂ ಬರ್ತಾಳೆ."

ಅವಳು ಆ ಒಂದು ಪದವನ್ನು ಮೂರು ಸಲ ಓದಿದಳು. ಇನ್ನು ಮೇಲೆ ಗುಂಗಿಯ ಕೈ ಹಿಡಿಯಲು ಇನ್ನೆರಡು ಕೈಗಳು! ಆಗ ಬಂತು ಅಳು, ಒಂಬತ್ತು ದಿನದ್ದೂ ಸೇರಿಸಿ.

"ಅಳೋದಾದ ಮೇಲೆ ಈ ಹಾಳೆನೂ ನೋಡಿ. ನಿಮ್ಮ ಫೈಲಲ್ಲಿರೋದೆಲ್ಲ ನೋಡೋ ಹಕ್ಕು ನಿಮಗಿದೆ" ಎಂದರು ಮೇಡಂ. "ಇದು ಅವನು ಫೈಲ್ ಬಿಟ್ಟುಕೊಟ್ಟಾಗ ತುಂಬಿದ ಹಾಳೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ, 'ಕಾರಣ' ಅನ್ನೋ ಜಾಗದಲ್ಲಿ ಎಲ್ರೂ ರಜೆ ಅಂತಾರೆ, ಬೆನ್ನುನೋವು ಅಂತಾರೆ. ಇಂಥದ್ದು ಬರೆದವನನ್ನ ನಾನು ಕಂಡಿಲ್ಲಮ್ಮ."

ಅವಳು ಓದಿದಳು.

'ಈ ಮಗುವಿನ ತಾಯಿಯ ಬಗ್ಗೆ ನನ್ನ ಮನಸ್ಸು ಈಗ ನಿಷ್ಪಕ್ಷಪಾತವಾಗಿಲ್ಲ. ಆದ್ದರಿಂದ ತೀರ್ಮಾನ ನನ್ನ ಕೈಯಲ್ಲಿರಬಾರದು.'

ಕೆಳಗೆ ಸಹಿ. ಈ ಸಲ ಪೆನ್ಸಿಲ್ ಅಲ್ಲ, ಪೆನ್ನು.

"ಎ... ಎಲ್ಲಿದ್ದಾರೆ ಅವರು?"

"ಹಿಂದ್ಗಡೆ, ಗಾಡಿ ನಿಲ್ಸೋ ಜಾಗದಲ್ಲಿ. ಬೆಳಿಗ್ಗೆಯಿಂದ ನಾಲ್ಕು ಸಲ ಬಂದು 'ಮೊಹರು ಬಿತ್ತಾ?' ಅಂತ ಕೇಳ್ಕೊಂಡು ಹೋದ. ಹೋಗಿ ಹೇಳಿ, ನನಗೆ ಬೇರೆ ಕೆಲಸ ಇದೆ!"

ಅವನು ಸ್ಕೂಟರಿಗೆ ಒರಗಿ ನಿಂತಿದ್ದ. ಅವಳನ್ನು ಕಂಡು ನೆಟ್ಟಗಾದ.

"ಆಯ್ತಾ?"

"ಆಯ್ತು."

ಅವನು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ. ಅವಳು ನಾಲ್ಕು ಹೆಜ್ಜೆ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಹೇಳ್ಬಿಡ್ತಿದ್ದೆ. ನಾನು ಹೇಳಿ, ಆಮೇಲೆ ಆದೇಶ ಬಂದಿದ್ರೆ 'ಬೇಕಾದವನು ಕೊಡಿಸ್ದ' ಅಂತ ನಾಳೆ ಯಾರಾದ್ರೂ ತಡೆ ತರ್ತಿದ್ರು. ಗುಂಗಿಗೆ ಬರ್ಬೇಕಾದ್ದು ಅವಳ ಹಕ್ಕಾಗೇ ಬರ್ಬೇಕಿತ್ತು."

"ಒಂದು ಮಾತು ಹೇಳ್ಬಹುದಿತ್ತು. ಒಂಬತ್ತು ದಿನ ನಿಮ್ಮನ್ನ ಬೈದಿದ್ದೀನಿ ಗೊತ್ತಾ?"

"ಜೋರಾಗಾ?"

"ಕಾರಲ್ಲಿ ಕೂತು, ಜೋರಾಗೇ. ಮೇಷ್ಟ್ರು ಹೆದರಿ ಎರಡು ದಿನ ಪಾಠಕ್ಕೇ ಬರಲಿಲ್ಲ!"

ಅವನು ನಗಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ತಪ್ಪಾಯ್ತು. ಈಗ ಹೇಳ್ಲಾ? ನಿಮ್ಮನ್ನ ಇಷ್ಟಪಟ್ಟಿದ್ದೀನಿ. ಹಿಂದಿನ ದಿನ ಬಂದು ನಮ್ಮ ಆಫೀಸಿನ ಮೆಟ್ಟಿಲ ಫೋಟೋ ತೆಗ್ದೆ ಅಂದ್ರಲ್ಲ, ಅವತ್ತಿಂದ."

ಅವಳು ಎಷ್ಟಾದರೂ ಟೀಚರ್ ಅಲ್ಲವೇ, ಎಲ್ಲವನ್ನೂ ಮೊದಲೇ ಹೇಳಿಬಿಡುವ ಅಭ್ಯಾಸ.

"ನಾನು ಒಬ್ಳೇ ಬರಲ್ಲ. ಮಗಳು ಬರ್ತಾಳೆ. ಅತ್ತೆನೂ ಬರ್ತಾರೆ, ಮೊದಲನೇ ಗಂಡನ ಅಮ್ಮ! ಜನ ನಗ್ತಾರೆ."

"ನಗ್ಲಿ. ನನಗೆ ಮೂವರೂ ಬೇಕು."

"ಗುಂಗಿ ಹೊಸಬರನ್ನ ಅಷ್ಟು ಬೇಗ ಒಪ್ಪಲ್ಲ. ನೀವು ಬಂದು ಹೋಗೋದು ಬೇರೆ, ಇರೋದು ಬೇರೆ. ವರ್ಷವೇ ಹಿಡೀಬಹುದು."

"ಹಿಡೀಲಿ. ನನಗೇನೂ ಅವಸರ ಇಲ್ಲ."

"ನನಗಿದೆ ರೀ!"

ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಕೈಯಲ್ಲಿದ್ದ ಆದೇಶದಿಂದ ಮುಖ ಮುಚ್ಚಿಕೊಂಡಳು. ಅವನು ಮೊದಲ ಬಾರಿಗೆ ಬಾಯಿ ತುಂಬ ನಕ್ಕ. ಮೆಲ್ಲಗೆ ಆ ಕಾಗದವನ್ನು ಸರಿಸಿ, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಾಗಾದ್ರೆ... ಇವತ್ತೇ ಬರ್ಲಾ?"

"ಬನ್ನಿ" ಎಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತ. "ಸ್ಕೂಟರ್ ಇಲ್ಲೇ ಇರ್ಲಿ. ಕಾರು ನಾನು ಓಡಿಸ್ತೀನಿ."